ಮುಟ್ಟು ತಪ್ಪಿ ಹದಿನಾಲ್ಕು ದಿನ

ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂಬ ಮಾತು ನಮ್ಮ ಕಡೆ ಇನ್ನೂ ಸತ್ತಿಲ್ಲ. ಅಮೃತಾಪುರದ ಮನೆಯೊಂದರ ಜಗಲಿಯಲ್ಲಿ ಅಡಿಕೆ ಸುಲಿಯುತ್ತ ಕೂತಿದ್ದ ಅಜ್ಜಿಯೊಬ್ಬರು ತಮ್ಮ ಕಾಲದ್ದು ಹೇಳಿದರು: “ದೊಡ್ಡೋನು ಹೊಟ್ಟೇಲಿದ್ದಾಗ ಈಚಲು ಹೆಂಡದ ವಾಸ್ನೆ ಬಂದ್ರೆ ಸಾಕು, ಬಾಯಲ್ಲಿ ನೀರು. ನಮ್ಮತ್ತೆನೇ ಒಂದು ಚೊಂಬು ತರಿಸಿ ಕೊಟ್ರು. ಅವನ ಕಿವಿ ಸೋರಲಿಲ್ಲ ನೋಡಪ್ಪ.” ಮೆಟ್ಟುಗತ್ತಿಯ ಮೇಲಿನ ಕೈ ಒಂದು ಕ್ಷಣವೂ ನಿಲ್ಲಲಿಲ್ಲ. ಸಿಪ್ಪೆ ಒಂದು ಕಡೆ, ಗೋಟು ಒಂದು ಕಡೆ.

ಕಿವಿ ಸೋರುವುದು ಕಿವಿಯೊಳಗಿನ ಸೋಂಕಿನಿಂದ. ತಾಯಿಯ ಬಯಕೆಗೂ ಅದಕ್ಕೂ ನಂಟಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅಜ್ಜಿಯ ಮುಂದಿನ ಮಾತು: “ಆಗಿನ್ನೂ ಎರಡು ತಿಂಗಳು. ಬರೀ ರಕ್ತದ ಮುದ್ದೆ. ಅದಕ್ಕೇನು ತಿಳಿಯುತ್ತೆ?” ಬೆಂಗಳೂರಿನಲ್ಲಿ ಕೆಲಸ ಮಾಡುವ ಮೊಮ್ಮಗಳ ವಯಸ್ಸಿನವರೂ ಹೇಳುವುದು ಇದನ್ನೇ. ಮುದ್ದೆಯ ಬದಲು “ಬರೀ ಸೆಲ್ಸ್” ಅನ್ನುತ್ತಾರೆ, ಅಷ್ಟೆ.

ಇಲ್ಲಿ ತಪ್ಪುವುದು ಲೆಕ್ಕ. ಇಪ್ಪತ್ತೆಂಟು ದಿನಕ್ಕೆ ಮುಟ್ಟಾಗುವ ಹೆಂಗಸಿಗೆ ಸುಮಾರು ಹದಿನಾಲ್ಕನೇ ದಿನ ಗರ್ಭ ಕಟ್ಟುತ್ತದೆ. ಅವಳ ಮುಟ್ಟು ತಪ್ಪುವ ದಿನಕ್ಕೆ ಭ್ರೂಣಕ್ಕೆ ಆಗಲೇ ಎರಡು ವಾರ. “ಬಿಸಿಲಿಗೆ ಏರುಪೇರಾಗಿರಬೇಕು, ಮದುವೆ ಓಡಾಟ ಬೇರೆ” ಎಂದು ಇನ್ನು ಹದಿನಾಲ್ಕು ದಿನ ಕಾಯುತ್ತಾಳೆ. ಆ ಹದಿನಾಲ್ಕು ದಿನಗಳಲ್ಲಿ ಒಳಗೆ ನಡೆಯುವುದನ್ನು ನೋಡಿ. ಗರ್ಭ ಕಟ್ಟಿದ ದಿನದಿಂದ ಎಣಿಸಿದರೆ, ಮೂರನೇ ವಾರದಲ್ಲಿ ಮುಖಕ್ಕೆ, ಮಿದುಳಿಗೆ ಅಚ್ಚು ಬೀಳುತ್ತದೆ. ಇಪ್ಪತ್ತೆರಡನೇ ದಿನದ ಆಸುಪಾಸಿನಲ್ಲಿ ಗುಂಡಿಗೆ ಬಡಿಯತೊಡಗುತ್ತದೆ. ಇಪ್ಪತ್ತೆಂಟನೇ ದಿನದ ಹೊತ್ತಿಗೆ, ಮುಂದೆ ಮಿದುಳು ಮತ್ತು ಬೆನ್ನುಹುರಿ ಆಗಬೇಕಾದ ನಾಳ ಮುಚ್ಚಿಕೊಂಡಿರುತ್ತದೆ. ಅವಳು ಔಷಧಿ ಅಂಗಡಿಗೆ ಹೋಗಿ ಪರೀಕ್ಷೆಯ ಕಡ್ಡಿ ಕೇಳುವಷ್ಟರಲ್ಲಿ ಇಷ್ಟೆಲ್ಲ ಮುಗಿದಿದೆ. ಅಜ್ಜಿಯ ಎರಡು ತಿಂಗಳ ಮುದ್ದೆ ಒಂದೂವರೆ ಸೆಂಟಿಮೀಟರಿನದು, ನಿಜ. ಆದರೆ ಅದಕ್ಕೆ ಬಡಿಯುವ ಗುಂಡಿಗೆ ಇದೆ, ಕೈಯಲ್ಲಿ ಬೆರಳು ಮೂಡುತ್ತಿವೆ.

ಮೂರು ತಿಂಗಳು ತುಂಬುವ ತನಕ ಹೊರಗೆ ಹೇಳಬಾರದು, ದೃಷ್ಟಿ ತಾಗುತ್ತದೆ ಎಂಬ ನಮ್ಮ ಪದ್ಧತಿ ಇದಕ್ಕೆ ಇನ್ನೊಂದು ಗಂಟು ಹಾಕುತ್ತದೆ. ಯಾರಿಗೂ ತಿಳಿಸದ ಹೆಣ್ಣುಮಗಳು ಆಫೀಸಿನ ಪಾರ್ಟಿಯಲ್ಲಿ ಗ್ಲಾಸು ಬೇಡವೆಂದರೆ ಕಾರಣ ಹೇಳಬೇಕಾಗುತ್ತದೆ. ಗುಟ್ಟು ಉಳಿಸಲು ಎರಡು ಗುಟುಕು ಕುಡಿದುಬಿಡುವವರಿದ್ದಾರೆ. ಗ್ಯಾಸ್ಟ್ರಿಕ್ ಎಂದು ಸುಳ್ಳು ಹೇಳುವುದು ಎಷ್ಟೋ ವಾಸಿ.

“ಮೊದಲ ತಿಂಗಳಲ್ಲಿ ಹೊಕ್ಕುಳಬಳ್ಳಿಯೇ ಬಲಿತಿರೋದಿಲ್ಲ, ಮತ್ತೆ ಮಗುವಿಗೆ ಹೇಗೆ ತಲುಪುತ್ತೆ?” ಎಂದು ಕೇಳುವ ಜಾಣರೂ ಇದ್ದಾರೆ. ಆಲ್ಕೋಹಾಲಿಗೆ ದಾರಿ ಬೇಕಿಲ್ಲ. ಅದರ ಕಣ ಬಹಳ ಚಿಕ್ಕದು, ನೀರಿನಲ್ಲಿ ಸಲೀಸಾಗಿ ಬೆರೆಯುತ್ತದೆ, ನೀರು ಹೋದಲ್ಲೆಲ್ಲ ಹೋಗುತ್ತದೆ. ಮಾಸು ಬೆಳೆದ ಮೇಲೆ ಅದೂ ತಡೆಯುವುದಿಲ್ಲ. ತಾಯಿಯ ರಕ್ತದಲ್ಲಿ ಎಷ್ಟೋ ಹೆಚ್ಚುಕಡಿಮೆ ಮಗುವಿನ ರಕ್ತದಲ್ಲೂ ಅಷ್ಟೇ ಏರುತ್ತದೆ. ತಾಯಿಯ ಪಿತ್ತಜನಕಾಂಗ ಅದನ್ನು ಕರಗಿಸುತ್ತದೆ, ಮಗುವಿನದಕ್ಕೆ ಇನ್ನೂ ಆ ಶಕ್ತಿ ಬಂದಿರುವುದಿಲ್ಲ. ಮಗು ಮೂತ್ರದಲ್ಲಿ ಹೊರಬಿಟ್ಟದ್ದು ಸುತ್ತಲಿನ ನೆತ್ತಿನೀರಿಗೆ ಸೇರುತ್ತದೆ, ಅದನ್ನೇ ಮತ್ತೆ ನುಂಗುತ್ತದೆ. 1196ರ ಅಮೃತೇಶ್ವರ ದೇವಸ್ಥಾನದ ಹೊರಗೋಡೆಯಲ್ಲಿ ಮಹಾಭಾರತ ಕೆತ್ತಿಸಿಕೊಂಡ ಊರು ಅಜ್ಜಿಯ ಅಮೃತಾಪುರ. ಸುಭದ್ರೆಯ ಹೊಟ್ಟೆಯಲ್ಲಿದ್ದಾಗಲೇ ಅಭಿಮನ್ಯುವಿಗೆ ಚಕ್ರವ್ಯೂಹ ಕೇಳಿಸಿತು ಎಂದು ಒಪ್ಪುತ್ತೇವೆ, ಹೆಂಡ ಮಾತ್ರ ತಲುಪುವುದಿಲ್ಲ ಅನ್ನುತ್ತೇವೆ.

ಇದು ವಿದೇಶದವರು ಹುಟ್ಟಿಸಿದ ಹೊಸ ಭಯವೇ? ಚರಕ ಸಂಹಿತೆಯ ಶಾರೀರಸ್ಥಾನದಲ್ಲೇ, ದಿನವೂ ಮದ್ಯ ಕುಡಿಯುವ ಬಸುರಿಗೆ ನೆನಪಿನ ಶಕ್ತಿ ಕಡಿಮೆಯ, ಮನಸ್ಸು ನಿಲ್ಲದ ಮಗು ಹುಟ್ಟುತ್ತದೆ ಎಂಬ ಎಚ್ಚರಿಕೆ ಇದೆ. ಈಗಿನ ವೈದ್ಯರು ಪಟ್ಟಿ ಮಾಡುವುದೂ ಮುಖ್ಯವಾಗಿ ಅದನ್ನೇ. ಆಧುನಿಕ ವೈದ್ಯಕೀಯ ಈ ಮಾತಿಗೆ ಬಂದದ್ದು ಬಹಳ ತಡವಾಗಿ. 1968ರಲ್ಲಿ ಫ್ರಾನ್ಸಿನ ಪಾಲ್ ಲೆಮೋಯಿನ್ ಕುಡಿಯುವ ತಂದೆತಾಯಿಯರ 127 ಮಕ್ಕಳನ್ನು ನೋಡಿ ಫ್ರೆಂಚಿನಲ್ಲಿ ಬರೆದರು, ಹೊರಗಿನವರು ಹೆಚ್ಚಾಗಿ ಓದಲಿಲ್ಲ. 1973ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಕೆನೆತ್ ಜೋನ್ಸ್ ಮತ್ತು ಡೇವಿಡ್ ಸ್ಮಿತ್ ಎಂಟು ಮಕ್ಕಳಲ್ಲಿ ಒಂದೇ ಬಗೆಯ ಮುಖ ಕಂಡರು: ಕಣ್ಣಿನ ಸೀಳು ಚಿಕ್ಕದು, ಮೇಲ್ದುಟಿ ತೆಳು, ಮೂಗಿನ ಕೆಳಗಿನ ಗೀರು ಸವೆದು ನುಣುಪಾಗಿದೆ. ಅದೇ ‘ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್’.

ಆದರೆ ಮುಖ ನೋಡಿ ಗೊತ್ತಾಗುತ್ತದೆ ಎಂದುಕೊಂಡರೆ ಅದೂ ತಪ್ಪು. ಹೀಗೆ ತೊಂದರೆಗೊಳಗಾದ ಹೆಚ್ಚಿನ ಮಕ್ಕಳ ಮುಖ ಎಲ್ಲರಂತೆಯೇ ಇರುತ್ತದೆ. ಲೆಕ್ಕ ತಲೆಗೆ ಹತ್ತುವುದಿಲ್ಲ, ನಿನ್ನೆ ಕಲಿತದ್ದು ಇಂದು ನೆನಪಿಲ್ಲ, ಕೂತಲ್ಲಿ ಕೂರುವುದಿಲ್ಲ. ಶಾಲೆಯಲ್ಲಿ ಅಂಥ ಮಗುವಿಗೆ ದಡ್ಡ, ತರಲೆ ಎಂಬ ಎರಡು ಹೆಸರು ಸಿಗುತ್ತವೆ. ಮೂರನೆಯದನ್ನು ಯಾರೂ ಹುಡುಕುವುದಿಲ್ಲ.

ಬ್ರಾಂದಿಯಷ್ಟು ಕೆಟ್ಟದ್ದಲ್ಲ ಬಿಯರ್ ಎಂಬ ವಾದಕ್ಕೆ ಅಳತೆಯೇ ಉತ್ತರ. ಅರವತ್ತು ಎಂಎಲ್ ವಿಸ್ಕಿಯಲ್ಲಿ ಸುಮಾರು 20 ಗ್ರಾಂ ಆಲ್ಕೋಹಾಲ್ ಇರುತ್ತದೆ. ಶೇ. 8ರ ಸ್ಟ್ರಾಂಗ್ ಬಿಯರಿನ 650 ಎಂಎಲ್ ಬಾಟಲಿಯಲ್ಲಿ ಸುಮಾರು 41. ಅಂಗಡಿಯ ತೊಂಬತ್ತು ಎಂಎಲ್ ಪ್ಯಾಕೆಟ್ಟಿನಲ್ಲಿ ಮೂವತ್ತು. ಮಗುವಿನ ಮಟ್ಟಿಗೆ ಬಾಟಲಿಯ ಮೇಲಿನ ಹೆಸರು ಲೆಕ್ಕಕ್ಕಿಲ್ಲ. ಕೆಂಪು ವೈನ್ ಕುಡಿದರೆ ಮಗು ಕೆಂಪಗೆ ಹುಟ್ಟುತ್ತದಂತೆ! ಕೇಸರಿ ಹಾಲಿನ ಕತೆಯ ದುಬಾರಿ ತಮ್ಮ ಇದು. ಮೈಬಣ್ಣ ಬರುವುದು ತಂದೆತಾಯಿಯ ವಂಶದಿಂದ.

ಮದ್ಯವೆಂದು ಯಾರೂ ಎಣಿಸದ ಇನ್ನೊಂದು ಬಾಟಲಿ ಅಟ್ಟದ ಮೇಲಿರುತ್ತದೆ: ಅರಿಷ್ಟ. ಲೇಬಲ್ಲಿನ ಸಣ್ಣ ಅಕ್ಷರ ಓದಿ. ಹುದುಗುವಾಗ ತಾನಾಗಿ ಹುಟ್ಟಿದ ಆಲ್ಕೋಹಾಲ್ ಶೇ. 5ರಿಂದ 10 ಎಂದು ಸಾಮಾನ್ಯವಾಗಿ ಬರೆದಿರುತ್ತದೆ. ಒಂದು ಮುಚ್ಚಳದಷ್ಟು ಪೆಗ್ಗಿಗೆ ಸಮವಲ್ಲ, ಹೆದರಿಸುತ್ತಿಲ್ಲ. ಆದರೆ ಬಾಣಂತಿಗೆಂದು ತಂದದ್ದನ್ನು “ಶಕ್ತಿ ಬರುತ್ತೆ ಕುಡಿ” ಎಂದು ಬಸುರಿಗೆ ಕೊಡುವ ಮುಂಚೆ ವೈದ್ಯರನ್ನು ಕೇಳಬೇಕು. ಬಾಣಂತಿಗೆ ಥಂಡಿಗೆ ಕೊಡುವ ಬ್ರಾಂದಿಯೂ ಮೈಯನ್ನು ನಿಜವಾಗಿ ಬಿಸಿ ಮಾಡುವುದಿಲ್ಲ, ಚರ್ಮಕ್ಕೆ ರಕ್ತ ನುಗ್ಗಿ ಬಿಸಿಯೆನಿಸುತ್ತದೆ, ಒಳಗಿನ ಶಾಖ ಹೊರಗೆ ಹೋಗುತ್ತದೆ. ಹಾಲಿಗೂ ಇಳಿಯುತ್ತದೆ.

“ಹಾಗಾದ್ರೆ ನನ್ನ ಮಗ ಹೇಗೆ ಚೆನ್ನಾಗಿದಾನೆ?” ಅಜ್ಜಿಯ ಸವಾಲು ನ್ಯಾಯವಾದದ್ದೇ. ಕುಡಿದ ಪ್ರತಿ ತಾಯಿಯ ಮಗುವಿಗೂ ತೊಂದರೆ ಆಗುವುದಿಲ್ಲ. ಎಷ್ಟು ಕುಡಿದಳು, ಯಾವ ದಿನ, ಹೊಟ್ಟೆಗೆ ಏನು ತಿನ್ನುತ್ತಿದ್ದಳು, ಅವಳ ಮೈ ಆಲ್ಕೋಹಾಲನ್ನು ಎಷ್ಟು ಬೇಗ ಕರಗಿಸುತ್ತದೆ ಎಂಬುದೆಲ್ಲ ಸೇರುತ್ತದೆ. ಹೆಂಡದಲ್ಲೂ ಬೆಳಿಗ್ಗೆ ಇಳಿಸಿದ್ದರಲ್ಲಿ ಅಮಲು ಕಡಿಮೆ, ಸಂಜೆಗೆ ಏರುತ್ತದೆ. ಇಷ್ಟರೊಳಗೆ ಪರವಾಗಿಲ್ಲ ಎಂದು ಗೆರೆ ಎಳೆಯಲು ಯಾರಿಗೂ ಆಗಿಲ್ಲ, ಅದಕ್ಕೇ ಬೇಡವೇ ಬೇಡ ಅನ್ನುವುದು. ನಿಲ್ಲದೆ ಹೋದ ಬಸಿರನ್ನು ಈ ಲೆಕ್ಕದಲ್ಲಿ ಯಾರೂ ಹಿಡಿಯುವುದಿಲ್ಲ ಎಂಬುದೂ ಇದೆ. ಮದ್ಯ ಗರ್ಭಪಾತದ ಸಾಧ್ಯತೆ ಹೆಚ್ಚಿಸುತ್ತದೆ.

ತಿಳಿಯದೆ ಕುಡಿದವರಿಗೆ: ಒಂದು ಮದುವೆಯಲ್ಲಿ ಒಂದು ಗ್ಲಾಸು ಆಯಿತೆಂದು ಬಸಿರು ತೆಗೆಸಲು ಓಡಬೇಕಿಲ್ಲ. ಇಂದೇ ನಿಲ್ಲಿಸಿ, ವೈದ್ಯರಿಗೆ ಹೇಳಿ. ಮಿದುಳು ಒಂಬತ್ತು ತಿಂಗಳೂ ಬೆಳೆಯುತ್ತದೆ, ಐದನೇ ತಿಂಗಳಲ್ಲಿ ಬಿಟ್ಟರೂ ಲಾಭವಿದೆ. ಫೋಲಿಕ್ ಆಸಿಡ್ ಮಾತ್ರೆ ನುಂಗಿದರೆ ಕುಡಿದದ್ದು ವಜಾ ಆಗುವುದಿಲ್ಲ, ಮದ್ಯವೇ ಫೋಲೇಟ್ ಮೈಗೆ ಹತ್ತದಂತೆ ಮಾಡುತ್ತದೆ. ದಿನವೂ ಕುಡಿದು ಅಭ್ಯಾಸವಾದವರು ಮಾತ್ರ ಮನೆಯಲ್ಲೇ ಥಟ್ಟನೆ ಬಿಡಬಾರದು, ನಡುಕ, ಫಿಟ್ಸ್ ಬರಬಹುದು. ಆಸ್ಪತ್ರೆಯಲ್ಲಿ ಬಿಡಿಸಬೇಕು. ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಗಂಡಸರು ಇಷ್ಟು ಓದಿ ನಿಟ್ಟುಸಿರು ಬಿಡುವುದು ಬೇಡ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಕುಡಿಯುವ ಹೆಂಗಸರು ನೂರಕ್ಕೆ ಒಬ್ಬರು, ಗಂಡಸರು ಹತ್ತೊಂಬತ್ತು. 2007ರ ಜುಲೈ 1ಕ್ಕೆ ರಾಜ್ಯದಲ್ಲಿ ಸಾರಾಯಿ ನಿಂತಿತು, ಜೇಬಿಗೆ ತೊಂಬತ್ತರ ಪ್ಯಾಕೆಟ್ಟು ಬಂತು. ಬಸುರಿಯ ತಟ್ಟೆಯ ಮೊಟ್ಟೆ, ಸೊಪ್ಪು ಅದೇ ಜೇಬಿನಿಂದ ಬರಬೇಕು.

ನೂರಕ್ಕೆ ಒಬ್ಬರು ಎಂಬ ಅಂಕಿ ಕೇಳಿದವರಿಗೆ ಹೇಳಿದ್ದು ಮಾತ್ರ. ಪ್ರತಿ ತಿಂಗಳು 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ಉಚಿತ ತಪಾಸಣೆ ಇರುತ್ತದೆ. ತೂಕ, ಬಿಪಿ, ರಕ್ತ ನೋಡುತ್ತಾರೆ. “ಮುಟ್ಟು ನಿಂತ ಮೇಲೆ ಹೆಂಡ, ಬ್ರಾಂದಿ, ವೈನ್ ಏನಾದ್ರೂ ತಗೊಂಡ್ಯಾ ತಾಯಿ?” ಎಂದು ಕೇಳಲು ಮಾತ್ರ ಅವರಿಗೆ ಸಂಕೋಚ. ಅಜ್ಜಿಗೆ ಇದನ್ನೇ ಹೇಳಿದೆ, ನಿಮ್ಮ ಕಾಲದಲ್ಲಿ ಸೂಲಗಿತ್ತಿಯಾದರೂ ಕೇಳಿದ್ದಳೇ ಎಂದೆ. ಗೋಟು ತುಂಬಿದ ಬುಟ್ಟಿ ಪಕ್ಕಕ್ಕೆ ಸರಿಸಿದರು.

“ಕೇಳಿದ್ರೆ ಹೇಳ್ತಿದ್ದೆ. ಯಾರು ಕೇಳಿದ್ರು?”