ಅಲೆ ಇಳಿಯುವವರೆಗೆ ಕಾಯೋಣ

ಟೀ ಅಂಗಡಿಯ ಕಂಬಕ್ಕೆ ನೇತುಹಾಕಿದ ನಾರಿನ ಹಗ್ಗ. ಅದರ ತುದಿಯಲ್ಲಿ ಸದಾ ಒಂದು ಕಿಡಿ. ಲೋಟ ಎಡಗೈಗೆ ಬಂದ ಕೂಡಲೇ ನನ್ನ ಬಲಗೈ ತಾನಾಗಿ ಆ ಹಗ್ಗದತ್ತ ಹೋಗುತ್ತಿತ್ತು. ಹದಿನೈದು ವರ್ಷ ಹೀಗೇ ನಡೆಯಿತು. ಒಂದು ಬೆಳಿಗ್ಗೆ ಅರ್ಧ ಸುಟ್ಟ ಸಿಗರೇಟು ಬೆರಳಲ್ಲಿತ್ತು, ಅದನ್ನು ಹಚ್ಚಿದ್ದು ಯಾವಾಗ ಎಂಬುದೇ ನೆನಪಿರಲಿಲ್ಲ. ಕೈ ಹಚ್ಚಿತ್ತು, ಬಾಯಿ ಸೇದಿತ್ತು. ನಾನು ಮಾತ್ರ ಅಲ್ಲಿ ಇರಲಿಲ್ಲ.

ಚಟ ಬೆಳೆಯುವುದೇ ಈ ಗೈರುಹಾಜರಿಯಲ್ಲಿ. ಹೊಗೆಯೊಂದಿಗೆ ಒಳಗೆ ಹೋದ ನಿಕೋಟಿನ್ 10ರಿಂದ 20 ಸೆಕೆಂಡಿನಲ್ಲಿ ಮಿದುಳು ಮುಟ್ಟುತ್ತದೆ, ಡೋಪಮಿನ್ ಹೊಮ್ಮಿ ಹಾಯೆನಿಸುತ್ತದೆ. ಅದರ ಮಟ್ಟ ಇಳಿಯುತ್ತಿದ್ದಂತೆ ಚಡಪಡಿಕೆ ಶುರು. ಇನ್ನೊಂದು ಸೇದಿದರೆ ಚಡಪಡಿಕೆ ಅಡಗುತ್ತದೆ. ಸಿಗರೇಟಿನಿಂದ ಟೆನ್ಷನ್ ಇಳಿಯಿತು ಎನ್ನುತ್ತೇವೆ. ಆ ಟೆನ್ಷನ್ನಿನಲ್ಲಿ ದೊಡ್ಡ ಪಾಲು ಹಿಂದಿನ ಸಿಗರೇಟು ತಂದದ್ದೇ! ಟೀ, ಊಟ, ಆಫೀಸಿನ ಜಗಳ, ಗೆಳೆಯರ ಬೈಠಕ್ ಇವೆಲ್ಲ ಆ ಸುತ್ತನ್ನು ಮತ್ತೆ ಮತ್ತೆ ತಿರುಗಿಸುತ್ತವೆ.

ಈ ಸುತ್ತನ್ನು ಹಲ್ಲು ಕಚ್ಚಿ ಮುರಿಯಲು ಹೋಗಿ ಸೋತವರೇ ಹೆಚ್ಚು. ಬೇರೊಂದು ದಾರಿ ತೋರಿದವರು ಅಮೆರಿಕದ ಸಿಯಾಟಲ್‌ನ ಮನೋವಿಜ್ಞಾನಿ ಅಲನ್ ಮಾರ್ಲಟ್. ಚಪಲವೆಂಬುದು ಕಡಲಿನ ಅಲೆಯಂತೆ, ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ ಎಂದರು ಅವರು. ಮಲ್ಪೆಯಲ್ಲಿ ನೀರಿಗಿಳಿದವರಿಗೆ ಇದು ಗೊತ್ತು. ಅಲೆಗೆ ಎದೆಯೊಡ್ಡಿ ನಿಂತರೆ ಅದು ಕೆಡವುತ್ತದೆ. ಮೈ ಹಗುರ ಬಿಟ್ಟರೆ ಎತ್ತಿ ಇಳಿಸಿ ಮುಂದೆ ಹೋಗುತ್ತದೆ. ಮಾರ್ಲಟ್ ಇದಕ್ಕೆ ಆಸರೆ ಪಡೆದದ್ದು ಬೌದ್ಧ ಧ್ಯಾನದಿಂದ, ನಮ್ಮಲ್ಲಿ ವಿಪಶ್ಯನ ಎಂದು ಕಲಿಸುವ ಪರಂಪರೆಯಿಂದ. ಇಂಗ್ಲಿಷಿನವರು ಮೈಂಡ್‌ಫುಲ್‌ನೆಸ್ ಎನ್ನುವುದಕ್ಕೆ ಕನ್ನಡದಲ್ಲಿ ‘ಅರಿವು’ ಎಂಬ ಹಳೆಯ, ಬಲವಾದ ಮಾತಿದೆ.

ಇದು ಬರೀ ಮಾತಲ್ಲ. ಯೇಲ್ ವಿಶ್ವವಿದ್ಯಾಲಯದಲ್ಲಿದ್ದ ಮನೋವೈದ್ಯ ಜಡ್ಸನ್ ಬ್ರೂವರ್ 88 ಧೂಮಪಾನಿಗಳನ್ನು ಎರಡು ಗುಂಪು ಮಾಡಿದರು. ಇವರು ದಿನಕ್ಕೆ ಸರಾಸರಿ 20 ಸಿಗರೇಟು ಸೇದುತ್ತಿದ್ದವರು. ಒಂದು ಗುಂಪಿಗೆ ಅಲ್ಲಿ ರೂಢಿಯಲ್ಲಿದ್ದ ತರಬೇತಿ, ಇನ್ನೊಂದಕ್ಕೆ ಅರಿವಿನ ತರಬೇತಿ. ವಾರಕ್ಕೆರಡು ಸಲದಂತೆ ನಾಲ್ಕು ವಾರ. 2011ರಲ್ಲಿ ಪ್ರಕಟವಾದ ಫಲಿತಾಂಶದಂತೆ, 17ನೇ ವಾರದಲ್ಲಿ ಅರಿವಿನ ಗುಂಪಿನಲ್ಲಿ ಶೇ 31 ಮಂದಿ ಸಿಗರೇಟಿನಿಂದ ದೂರವಿದ್ದರು, ಇನ್ನೊಂದರಲ್ಲಿ ಶೇ 6. ಬ್ರೂವರ್ ‘ಸೇದಬೇಡಿ’ ಎಂದು ಗದರಲಿಲ್ಲ. ಸೇದುವಾಗ ರುಚಿ, ವಾಸನೆ ಗಮನಿಸಿ ಎಂದರು. ಗಮನಿಸಿದವರಿಗೆ ಅದರ ಕೆಟ್ಟ ರುಚಿ ಮೊದಲ ಸಲ ತಿಳಿಯಿತು.

ಹಾಗೆಂದು ಇದು ರಾಮಬಾಣವಲ್ಲ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿದ 2022ರ ಕಾಕ್ರೇನ್ ಪರಾಮರ್ಶೆಗೆ, ಈ ವಿಧಾನ ಉಳಿದವುಗಳಿಗಿಂತ ಮೇಲು ಎನ್ನಲು ಸ್ಪಷ್ಟ ಆಧಾರ ಸಿಗಲಿಲ್ಲ. ಆದ್ದರಿಂದ ನಿಕೋಟಿನ್ ಗಮ್, ಔಷಧಿ, ಆಪ್ತ ಸಮಾಲೋಚನೆಗಳನ್ನು ಬಿಟ್ಟು ಇದೊಂದನ್ನೇ ನೆಚ್ಚಬೇಡಿ, ಅವುಗಳ ಜೊತೆಗಿಟ್ಟುಕೊಳ್ಳಿ.

ನಾನು ಮಾಡಿದ್ದು ಇಷ್ಟೇ. ಚಪಲ ಬಂದಾಗ ‘ಬಂತು’ ಎಂದು ಮನಸ್ಸಿನಲ್ಲೇ ಹೆಸರಿಟ್ಟೆ. ಅಟ್ಟಲು ಹೋಗಲಿಲ್ಲ. ಮೈಯಲ್ಲಿ ಅದು ಎಲ್ಲಿದೆ ಎಂದು ಹುಡುಕಿದೆ: ಗಂಟಲ ಕೆಳಗೊಂದು ಬಿಗಿತ, ಬಾಯಲ್ಲಿ ನೀರು, ಬೆರಳ ತುದಿಯಲ್ಲಿ ಚಡಪಡಿಕೆ. ಉಸಿರಿನ ಜೊತೆ ಅದನ್ನೇ ನೋಡುತ್ತ ಕೂತೆ. ಬಿಗಿತ ಎದೆಗಿಳಿಯಿತು, ಇನ್ನಷ್ಟು ಏರಿತು, ಆಮೇಲೆ ಸಡಿಲವಾಯಿತು. ಗಡಿಯಾರ ನೋಡಿದರೆ ನಾಲ್ಕು ನಿಮಿಷ. ಹದಿನೈದು ವರ್ಷ ನನ್ನನ್ನು ಆಳಿದ್ದರ ಆಯುಷ್ಯ ನಾಲ್ಕೇ ನಿಮಿಷ! ಮೊದಲ ಎರಡು ಮೂರು ದಿನ ಅಲೆಗಳು ಒಂದರ ಹಿಂದೊಂದು ಬಂದವು. ವಾರಗಳು ಕಳೆದಂತೆ ವಿರಳವಾದವು.

ಕುಡಿತಕ್ಕೂ ಈ ದಾರಿ ಒದಗುತ್ತದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ 2017ರ ಅಧ್ಯಯನದಲ್ಲಿ ಹೆಚ್ಚು ಕುಡಿಯುವ 68 ಮಂದಿ ಇದ್ದರು. ಅವರಲ್ಲಿ ಒಂದು ಗುಂಪಿಗೆ ಚಪಲವನ್ನು ಗಮನಿಸುವುದನ್ನು ಕಲಿಸಿದ್ದು ಬರೀ 11 ನಿಮಿಷ. ಮುಂದಿನ ವಾರ ಅವರು ಸುಮಾರು ಮೂರು ಪೈಂಟ್ ಬಿಯರಿನಷ್ಟು ಕಡಿಮೆ ಕುಡಿದರು. ಎರಡನೇ ಪೆಗ್ಗಿಗೆ ಮುನ್ನ ಗ್ಲಾಸು ಕೆಳಗಿಟ್ಟು ‘ಇದು ಬೇಕಾಗಿರುವುದು ಬಾಯಾರಿಕೆಗೋ, ಬೇಸರಕ್ಕೋ, ಪಕ್ಕದವನ ಒತ್ತಾಯಕ್ಕೋ’ ಎಂದು ಕೇಳಿಕೊಂಡರೂ ಒಂದು ಪೆಗ್ ಉಳಿಯಬಹುದು.

ಒಂದು ಎಚ್ಚರಿಕೆ ಮಾತ್ರ ಮರೆಯಬಾರದು. ಬೆಳಿಗ್ಗೆ ಕುಡಿಯದಿದ್ದರೆ ಕೈ ನಡುಗುವ ಹಂತಕ್ಕೆ ಹೋದವರು ಮನೆಯಲ್ಲೇ ಒಮ್ಮೆಗೆ ನಿಲ್ಲಿಸಬಾರದು. ಫಿಟ್ಸ್ ಬರಬಹುದು, ಸನ್ನಿ ಹಿಡಿಯಬಹುದು, ಪ್ರಾಣಕ್ಕೇ ಕುತ್ತಾಗಬಹುದು. ಅಂಥವರಿಗೆ ಮೊದಲು ಡಾಕ್ಟರು, ಆಮೇಲೆ ಧ್ಯಾನ.

ಜಾರುವ ದಿನವೂ ಬರುತ್ತದೆ. ‘ಹೇಗೂ ಒಂದು ಸೇದಿದೆ, ಇನ್ನೇನು’ ಎಂಬ ಹತಾಶೆಯೇ ಒಂದು ತಪ್ಪನ್ನು ಪೂರ್ತಿ ಸೋಲಾಗಿಸುತ್ತದೆ ಎಂದು ಮಾರ್ಲಟ್ ತೋರಿಸಿಕೊಟ್ಟಿದ್ದಾರೆ. ನಾನೂ ಎರಡು ಸಲ ಜಾರಿದೆ. ಮನೆಯವರು ಆ ದಿನ ಹಂಗಿಸದೆ ಜೊತೆಗಿದ್ದರು; ನಿಮ್ಮ ಮನೆಯಲ್ಲೂ ಹಾಗೇ ಇರಲಿ.

ಸಹಾಯ ಕೈಯಳತೆಯಲ್ಲಿದೆ. ತಂಬಾಕು ಬಿಡಲು ಉಚಿತ ರಾಷ್ಟ್ರೀಯ ಸಹಾಯವಾಣಿ 1800 112 356, ಮನಸ್ಸಿನ ಕಷ್ಟ ಹೇಳಿಕೊಳ್ಳಲು ಟೆಲಿ ಮಾನಸ್ 14416. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. ಇವತ್ತೇ ಒಂದು ಫೋನ್ ಮಾಡಿ. ಅದಕ್ಕೂ ಮೊದಲು ಚಪಲ ಬಂದರೆ, ಒಂದು ನಾಲ್ಕು ನಿಮಿಷ ಅದನ್ನು ನೋಡುತ್ತ ಕೂತಿರಿ.