ಹಿಮದ ನಾಡಿನಲ್ಲಿ ಡೇರೆಯ ಗೆಡ್ಡೆ

ಅಮೆರಿಕದ ಮಿನ್ನೆಸೋಟದಂತಹ ಶೀತಪ್ರದೇಶದಲ್ಲಿ ಶರತ್ಕಾಲದ ಒಂದು ರಾತ್ರಿ ಉಷ್ಣತೆಯು ಶೂನ್ಯಕ್ಕಿಂತ ಕೆಳಗಿಳಿದು, ಹಿಂದಿನ ಸಂಜೆಯವರೆಗೂ ಅಂಗೈಯಗಲದ ಹೂಗಳನ್ನು ಹೊತ್ತು ನಿಂತಿದ್ದ ಡೇರೆಯ ಗಿಡಗಳು ಬೆಳಗಾಗುವಷ್ಟರಲ್ಲಿ ಬೆಂದ ಸೊಪ್ಪಿನಂತೆ ಕಪ್ಪಾಗಿ ಜೋತುಬಿದ್ದರೆ, ಗೆಡ್ಡೆಯನ್ನು ಅಗೆದು ತೆಗೆಯುವ ಕಾಲ ಸನ್ನಿಹಿತವಾಯಿತೆಂದು ಅಲ್ಲಿನ ತೋಟಗಾರನು ತಿಳಿಯುತ್ತಾನೆ.

ಡೇರೆಯ ಮೂಲಸ್ಥಾನ ಮೆಕ್ಸಿಕೋ ದೇಶದ ಪರ್ವತಪ್ರದೇಶ. ಅಲ್ಲಿಂದ ಮ್ಯಾಡ್ರಿಡ್ಡಿನ ರಾಜೋದ್ಯಾನಕ್ಕೆ ಬಂದ ಈ ಸಸ್ಯಕ್ಕೆ ಕವನಿಲ್ಯೆಸ್ ಎಂಬ ವಿದ್ವಾಂಸನು 1791ರಲ್ಲಿ, ಸ್ವೀಡನ್ನಿನ ಸಸ್ಯವಿಜ್ಞಾನಿ ಆಂಡರ್ಸ್ ಡಾಲ್‌ನ ಗೌರವಾರ್ಥವಾಗಿ, ಡಾಲಿಯಾ ಎಂದು ನಾಮಕರಣ ಮಾಡಿದನು. ಬೇಸಗೆಯಲ್ಲಿ ಮಳೆಯೂ ಚಳಿಗಾಲದಲ್ಲಿ ಒಣಹವೆಯೂ ಇರುವ ಆ ತವರಿನಲ್ಲಿ, ನೀರಿಲ್ಲದ ತಿಂಗಳುಗಳನ್ನು ಕಳೆಯುವುದಕ್ಕಾಗಿ ಬೇರುಗಳೇ ಊದಿಕೊಂಡು ಆಹಾರವನ್ನೂ ಜಲವನ್ನೂ ಸಂಗ್ರಹಿಸುತ್ತವೆ. ನಮ್ಮ ಮಲೆನಾಡಿನ ಅಂಗಳಗಳಿಗೆ ಡೇರೆಯು ಮಳೆಗಾಲದ ಹೂವಾಗಿ ಇಷ್ಟು ಚೆನ್ನಾಗಿ ಒಗ್ಗಿದುದಕ್ಕೂ ಮಳೆ ಮತ್ತು ಒಣಹವೆಗಳ ಇದೇ ಸರದಿ ಕಾರಣವೆಂದು ನನಗೆ ತೋರುತ್ತದೆ. ಆದರೆ ಅನಾವೃಷ್ಟಿಗೆಂದು ರೂಪುಗೊಂಡ ಈ ಅಂಗಕ್ಕೆ ಹಿಮದ ಪರಿಚಯವಿಲ್ಲ. ಮಿನ್ನೆಸೋಟದಲ್ಲಿ ನೆಲವು ಮೂರಡಿಗೂ ಮಿಗಿಲಾದ ಆಳದವರೆಗೆ ಹೆಪ್ಪುಗಟ್ಟಬಲ್ಲುದು. ಆಗ ಗೆಡ್ಡೆಯ ಜೀವಕೋಶಗಳ ನಡುವೆ ಮೂಡುವ ಮಂಜುಗಡ್ಡೆಯು ಒಳಗಿನ ನೀರನ್ನು ಹೊರಕ್ಕೆ ಸೆಳೆದು, ಅವುಗಳ ಪೊರೆಯನ್ನು ಹರಿದು, ವಸಂತದಲ್ಲಿ ಹಿಮ ಕರಗಿದಾಗ ಕೊಳೆತ ಮುದ್ದೆಯನ್ನಷ್ಟೇ ಉಳಿಸುತ್ತದೆ. ಟ್ಯೂಲಿಪ್ಪಿಗೆ ಹೂಬಿಡಲು ಬೇಕಾದ ಚಳಿಯೇ ಡೇರೆಗೆ ಮೃತ್ಯು.

ಹೀಗೆ ಹಿಮ ಮಾರಕವಾದರೂ, ಹಗಲು ಹನ್ನೆರಡು ಗಂಟೆಗಿಂತ ಕಿರಿದಾದಂತೆ ಗೆಡ್ಡೆಗಳು ಶೀಘ್ರವಾಗಿ ಬಲಿಯುವುದರಿಂದ, ಬಲ್ಲವರು ಮೊದಲ ಹಿಮ ಬೀಳುವವರೆಗೂ ಗಿಡವನ್ನು ಮುಟ್ಟುವುದಿಲ್ಲ. ಅನಂತರ ಕಾಂಡವನ್ನು ಗೇಣುದ್ದ ಉಳಿಸಿ ಕತ್ತರಿಸಿ, ಬುಡದಿಂದ ದೂರದಲ್ಲಿ ಅಗೆದು, ಗೊಂಚಲನ್ನು ಮೆಲ್ಲನೆ ಎತ್ತುತ್ತಾರೆ. ಈ ಎಚ್ಚರ ಅನಗತ್ಯವೆಂದು ಯಾರೂ ಎಣಿಸಬಾರದು. ಆಲೂಗೆಡ್ಡೆಗೆ ಮೈಯೆಲ್ಲ ಚಿಗುರೊಡೆಯುವ ಕಣ್ಣು. ಡೇರೆಯ ಕಣ್ಣುಗಳಾದರೋ ಗೆಡ್ಡೆಯು ಕಾಂಡವನ್ನು ಸೇರುವ ಕೊರಳಿನಲ್ಲಿ ಮಾತ್ರ ಇರುತ್ತವೆ. ಕೊರಳು ಮುರಿದ ಗೆಡ್ಡೆ ಎಷ್ಟೇ ಪುಷ್ಟವಾಗಿದ್ದರೂ ಚಿಗುರಲಾರದು.

ಮಣ್ಣು ಕೊಡವಿ, ಗಾಯಗಳು ಒಣಗುವಂತೆ ಕೆಲವು ದಿನ ನೆರಳಿನಲ್ಲಿಟ್ಟು, ತುಸುವೇ ತೇವವಿರುವ ಪೀಟ್ ಎಂಬ ಜೌಗುಮಣ್ಣು, ಮರದ ಪುಡಿ ಅಥವಾ ವರ್ಮಿಕ್ಯುಲೈಟ್ ಎಂಬ ಹಗುರ ಖನಿಜದಲ್ಲಿ ಹುದುಗಿಸಿ, 4ರಿಂದ 10 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನೆಲಮಾಳಿಗೆಯಲ್ಲಿ ಇಡುತ್ತಾರೆ. ಇಲ್ಲಿಂದ ಮುಂದಿನದೇ ನಿಜವಾದ ಪರೀಕ್ಷೆ. ಗೆಡ್ಡೆಯು ಸುಪ್ತವಾಗಿದ್ದರೂ ಸಜೀವವಾದುದು. ಅದು ಉಸಿರಾಡುತ್ತದೆ, ಇನ್ಯುಲಿನ್ ಎಂಬ ಶರ್ಕರಸಂಚಯವನ್ನು ಅಲ್ಪಾಲ್ಪವಾಗಿ ವ್ಯಯಿಸುತ್ತದೆ. ಶಾಖ ಹೆಚ್ಚಿದರೆ ಅಕಾಲದಲ್ಲಿ ಮೊಳೆತು ಸೊರಗುತ್ತದೆ. ತೇವ ಹೆಚ್ಚಿದರೆ ಬೂಷ್ಟು ಹಿಡಿದು ಕೊಳೆಯುತ್ತದೆ. ಸಿಪ್ಪೆಯು ಬಹಳ ತೆಳುವಾದುದರಿಂದ, ಗಾಳಿ ಒಣಗಿದರೆ ಆಲೂಗೆಡ್ಡೆಗಿಂತ ಬೇಗನೆ ಸುಕ್ಕುಗಟ್ಟುತ್ತದೆ. ಆದುದರಿಂದ ತಿಂಗಳಿಗೊಮ್ಮೆಯಾದರೂ ಪೆಟ್ಟಿಗೆಯನ್ನು ತೆರೆದು, ಕೊಳೆತ ಭಾಗವನ್ನು ಕೊಯ್ದು ಹಾಕಿ, ಸುಕ್ಕಾದವಕ್ಕೆ ನೀರು ಚಿಮುಕಿಸುವುದು ಅವಶ್ಯ. ಮೆಕ್ಸಿಕೋದ ಒಣ ಚಳಿಗಾಲವನ್ನು ಪೆಟ್ಟಿಗೆಯೊಳಗೆ ನಿರ್ಮಿಸುವ ಈ ಕಾರ್ಯವು ಗಿಡ ಬೆಳೆಸುವುದಕ್ಕಿಂತ ಹಿರಿಯ ವಿದ್ಯೆಯೆಂದೇ ನನ್ನ ಭಾವನೆ.

ಮೇ ತಿಂಗಳ ಕೊನೆಯ ಹೊತ್ತಿಗೆ ಹಿಮದ ಭಯ ಕಳೆದು ಮಣ್ಣು ಬೆಚ್ಚಗಾದ ಮೇಲೆ ನೆಡತಕ್ಕದ್ದು. ಆಗ ಗೆಡ್ಡೆ ಸುಕ್ಕಾಗಿ ಬಡಕಲಾಗಿ ಕಂಡಿತೆಂದು ಎಸೆದುಬಿಡಬೇಡಿ. ಮೈ ಗಟ್ಟಿಯಾಗಿದ್ದು ಕೊರಳಿನಲ್ಲಿ ಒಂದು ಕಣ್ಣು ಜೀವಂತವಾಗಿದ್ದರೆ, ಅದನ್ನು ನೆಟ್ಟು ನೋಡಿ.