ಚೇಳಿನ ಮಾತ್ರೆ, ಬಿಳಿ ರಕ್ತಕಣದ ಗುಟ್ಟು

ಕುರುಗೋಡಿನ ಗುಡ್ಡದ ಕಲ್ಲುಸಂದಿಯಲ್ಲೋ, ಸಿರುಗುಪ್ಪದ ಕಡೆ ಹುಲ್ಲಿನ ಬಣವೆಯ ಬುಡದಲ್ಲೋ ಅಡಗಿ ಕೂರಬಲ್ಲ ಕೆಂಪು ಚೇಳು ಇರುವುದೇ ಬೆರಳುದ್ದ. ಅದು ಇಳಿಸುವ ವಿಷ ಒಂದು ಹನಿಯೂ ಇಲ್ಲ. ಆದರೆ ಅದರ ಕೆಲಸ ನೋಡಿ! ನರದ ತುದಿಗಳಲ್ಲಿ ಸೋಡಿಯಂ ಹಾಯುವ ದ್ವಾರಗಳನ್ನು ಮುಚ್ಚಿಕೊಳ್ಳಲು ಬಿಡುವುದಿಲ್ಲ. ಕೆರಳಿದ ನರ ಸುಮ್ಮನಾಗುವುದೇ ಇಲ್ಲ. ಅಡ್ರಿನಲಿನ್, ನಾರ್‌ಅಡ್ರಿನಲಿನ್ ಎರಡೂ ರಕ್ತಕ್ಕೆ ಒಮ್ಮೆಗೇ ನುಗ್ಗುತ್ತವೆ. ಮೈಯೆಲ್ಲ ಬೆವರು, ವಾಂತಿ, ತಣ್ಣಗಾದ ಕೈಕಾಲು. ಜೋರಾದರೆ ಗುಂಡಿಗೆ ಸೋತು ಶ್ವಾಸಕೋಶದಲ್ಲಿ ನೀರು. ಚೇಳು ಕಡಿದ ಮಗುವಿನ ಜೀವಕ್ಕೆ ಎರವಾಗುವುದು ಮಗುವಿನದೇ ಅಡ್ರಿನಲಿನ್!

(ಎಲ್ಲ ಚೇಳೂ ಹೀಗೆ ಮಾಡುವುದಿಲ್ಲ. ಬಹಳಷ್ಟು ಸಲ ಉರಿ, ನೋವು ಅಷ್ಟೇ; ತಾನಾಗಿ ಇಳಿಯುತ್ತದೆ. ಮಂತ್ರ ಹಾಕುವವರ ಹೆಸರು ಉಳಿದಿರುವುದೇ ಅದರಿಂದ.)

ಮಹಾರಾಷ್ಟ್ರದ ಮಹಾಡ್‌ನಲ್ಲಿ ಹಳ್ಳಿಗರ ಡಾಕ್ಟರಾಗಿದ್ದ ಹಿಮ್ಮತ್‌ರಾವ್ ಬಾವಸ್ಕರ್ ಈ ಅಡ್ರಿನಲಿನ್ ಬಿರುಗಾಳಿಯನ್ನು ರೋಗಿಯ ಮಂಚದ ಪಕ್ಕದಲ್ಲೇ ಕೂತು ಓದಿದವರು. ಅವರು ಹಿಡಿದದ್ದು ಪ್ರಾಜೋಸಿನ್ ಎಂಬ ರಕ್ತದೊತ್ತಡದ ಮಾತ್ರೆ. 1986ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಆ ಚಿಕಿತ್ಸೆಯ ವರದಿಯನ್ನು ಪ್ರಕಟಿಸಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಇತ್ತ ಸಿರುಗುಪ್ಪದಿಂದ ಬಳ್ಳಾರಿಯ ದೊಡ್ಡಾಸ್ಪತ್ರೆ 50 ಕಿ.ಮೀ.ಗೂ ದೂರ. ಅಂಥ ಊರುಗಳಿಗೆ, ತಾಲ್ಲೂಕು ಆಸ್ಪತ್ರೆಯಲ್ಲೇ ನುಂಗಿಸಬಹುದಾದ ಅಗ್ಗದ ಮಾತ್ರೆ ಎಂದರೆ ಸಣ್ಣ ಮಾತೇ?

ಆ ಮಾತ್ರೆ ಮಾಡುವುದೇನು? ಅಡ್ರಿನಲಿನ್ ಬಂದು ಕೂರುವ ಗ್ರಾಹಕಗಳಲ್ಲಿ ಆಲ್ಫಾ, ಬೀಟಾ ಎಂಬ ಎರಡು ಕುಲಗಳಿವೆ ಎಂದು 1948ರಲ್ಲೇ ರೇಮಂಡ್ ಆಲ್ಕ್ವಿಸ್ಟ್ ಹೇಳಿದ್ದರು. ಪ್ರಾಜೋಸಿನ್ ರಕ್ತನಾಳದ ಮೇಲಿನ ಆಲ್ಫಾ-1 ಗ್ರಾಹಕದಲ್ಲಿ ತಾನೇ ಹೋಗಿ ಕೂತುಬಿಡುತ್ತದೆ. ಬಂದ ಅಡ್ರಿನಲಿನ್‌ಗೆ ಜಾಗವಿಲ್ಲ! ಬಿಗಿದ ನಾಳ ಸಡಿಲಾಗುತ್ತದೆ, ಗುಂಡಿಗೆಯ ಹೊರೆ ಇಳಿಯುತ್ತದೆ.

ಕತೆ ಇಲ್ಲಿಗೇ ಮುಗಿದಿದ್ದರೂ ಸಾಕಿತ್ತು. ಮುಗಿಯಲಿಲ್ಲ. ಅದೇ ಗ್ರಾಹಕಗಳು ನಮ್ಮ ರೋಗನಿರೋಧಕ ಕಣಗಳ ಮೈಮೇಲೂ ಇವೆ! ರೋಗಾಣುವನ್ನು ನುಂಗುವ ಮ್ಯಾಕ್ರೊಫೇಜ್ ಕಣ ಅಡ್ರಿನಲಿನ್‌ನ ಕರೆಗೆ ಓಗೊಡುತ್ತದೆ. ಓಗೊಡುವುದೇನು, ತಾನೇ ಅದನ್ನು ತಯಾರಿಸುತ್ತದೆ! ನುಂಗುಕಣಗಳು ಹೀಗೆ ತಯಾರಿಸಿದ್ದು ಉರಿಯೂತವನ್ನು ಇನ್ನಷ್ಟು ಕೆರಳಿಸುತ್ತದೆ ಎಂದು 2007ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. 2018ರಲ್ಲಿ ಜಾನ್ಸ್ ಹಾಪ್‌ಕಿನ್ಸ್‌ನ ವಿಜ್ಞಾನಿಗಳು ಇಲಿಗಳಲ್ಲಿ ಇಡೀ ಸುಳಿಯನ್ನೇ ಬಿಡಿಸಿಟ್ಟರು: ಕಣ ಹೊರಬಿಟ್ಟ ಅಡ್ರಿನಲಿನ್ ಅದೇ ಕಣದ ಆಲ್ಫಾ-1 ಗ್ರಾಹಕಕ್ಕೆ ತಾಗುತ್ತದೆ, ಕಣ ಇನ್ನಷ್ಟು ಸೈಟೊಕೈನ್ (ಉರಿಯೂತ ಹಬ್ಬಿಸುವ ಸಂದೇಶ ಪ್ರೋಟೀನ್) ಸುರಿಸುತ್ತದೆ, ಇನ್ನಷ್ಟು ಅಡ್ರಿನಲಿನ್ ಹೊರಬರುತ್ತದೆ. ಆ ಸುಳಿಯನ್ನು ತುಂಡರಿಸಿದಾಗ ಹೆಚ್ಚು ಇಲಿಗಳು ಬದುಕಿದವು. ತುಂಡರಿಸಬಲ್ಲ ಮದ್ದುಗಳಲ್ಲಿ ಒಂದು ಯಾವುದು ಗೊತ್ತೇ? ಪ್ರಾಜೋಸಿನ್! 2020ರಲ್ಲಿ ಕೋವಿಡ್‌ನ ಸೈಟೊಕೈನ್ ಬಿರುಗಾಳಿಗೂ ಅದನ್ನು ಪರೀಕ್ಷಿಸಿ ನೋಡೋಣ ಎಂದು ವಿಜ್ಞಾನಿಗಳು ಹೊರಟರು. ಇಲಿಯಲ್ಲಿ ಗೆದ್ದದ್ದು ಮನುಷ್ಯರಲ್ಲಿ ಗೆದ್ದಂತಲ್ಲ, ಆ ಮಾತು ಬೇರೆ.

ಇನ್ನೂ ವಿಚಿತ್ರವೆಂದರೆ ಅದೇ ಕಣಗಳ ಬೀಟಾ-2 ಗ್ರಾಹಕ ತದ್ವಿರುದ್ಧ ಕೆಲಸದ್ದು. ಅಲ್ಲಿ ಅಡ್ರಿನಲಿನ್ ಕೂತರೆ ಉರಿಯೂತ ಸಾಮಾನ್ಯವಾಗಿ ತಗ್ಗುತ್ತದೆ. 2014ರಲ್ಲಿ ಪ್ರಕಟವಾದ ನೆದರ್‌ಲೆಂಡ್ಸ್‌ನ ಪ್ರಯೋಗದಲ್ಲಿ 24 ಆರೋಗ್ಯವಂತರಿಗೆ ಬ್ಯಾಕ್ಟೀರಿಯಾದ ವಿಷಾಂಶ ಚುಚ್ಚಿದರು. ಉಸಿರಾಟದ, ಚಳಿ ತಡೆಯುವ ತರಬೇತಿ ಪಡೆದವರ ರಕ್ತದಲ್ಲಿ ಅಡ್ರಿನಲಿನ್ ಏರಿತು, ಉರಿಯೂತದ ಸೈಟೊಕೈನ್‌ಗಳು ಉಳಿದವರಿಗಿಂತ ಕಡಿಮೆ ಇದ್ದವು, ಜ್ವರದ ಕಾಟವೂ ಕಡಿಮೆ. ಒಂದೇ ಅಡ್ರಿನಲಿನ್, ಒಂದೇ ಕಣ, ಎರಡು ಗ್ರಾಹಕ: ಒಂದರಲ್ಲಿ ಕಿಚ್ಚು, ಇನ್ನೊಂದರಲ್ಲಿ ತಂಪು!

ಹಾಗಾದರೆ ಚೇಳು ಕಡಿದ ಮಗುವಿನ ಬಾಯಿಗೆ ಹಾಕುವ ಆ ಮಾತ್ರೆ ಸಡಿಲಿಸುವುದು ಬರೀ ರಕ್ತನಾಳವನ್ನೇ, ಅಥವಾ ಅದೇ ಹೊತ್ತಿಗೆ ಲಕ್ಷಾಂತರ ಬಿಳಿ ಕಣಗಳ ಕಿವಿಯಲ್ಲೂ 'ಸಾಕು, ನಿಲ್ಲಿಸಿ' ಎನ್ನುತ್ತಿದೆಯೇ?